ಸಿರ್ಸಿ ಮನೆಯ ಅಟ್ಟದಲ್ಲಿ ಸಿಕ್ಕ ‘34/100’ ಪ್ರಿಂಟ್: ಬೆಲೆ ಇದೆಯಾ? ಕಾಪಾಡೋದು ಹೇಗೆ?

ತಂದೆಯವರು ಅಟ್ಟದಲ್ಲಿಟ್ಟಿದ್ದ ಪ್ರಿಂಟ್ (ಅಚ್ಚುಹಾಕಿದ ಕಲಾಚಿತ್ರ) ಸಿಕ್ಕಿದೆ, ಕೆಳಗೆ ಪೆನ್ಸಿಲ್‌ನಲ್ಲಿ 34/100 ಮತ್ತು ಸಹಿ ಇದೆ, ಕಲೆಗಳನ್ನು ಒರೆಸಿ ಹೊಸ ಕಟ್ಟು (ಫ್ರೇಮ್) ಹಾಕಿಸಿ ಮಾರಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಏನನ್ನೂ ಒರೆಸಬೇಡಿ.

ನಾನು ಕಾರವಾರದವ. ನಾನು ಕೊಂಡ ಮೊದಲ ಪ್ರಿಂಟನ್ನು ಕಟ್ಟು ಹಾಕಿಸಲು ಒಯ್ದಾಗ ಅಂಗಡಿಯವ ‘ಬಿಳಿ ಅಂಚು ಜಾಸ್ತಿ ಆಯ್ತು ಸಾರ್, ಈ ಕಟ್ಟಿಗೆ ಕೂರೋದಿಲ್ಲ’ ಅಂದ. ಕತ್ತರಿಸು ಅಂದವನು ನಾನೇ. ಅಂಚಿನ ಜೊತೆ ಸಂಖ್ಯೆ, ಸಹಿ ಎರಡೂ ಕಸದ ಬುಟ್ಟಿಗೆ ಹೋದವು. ಉಳಿದದ್ದನ್ನು ಗೋಂದು ಬಳಿದು ಪ್ಲೈವುಡ್ಡಿಗೆ ಅಂಟಿಸಿಕೊಟ್ಟ. ಈಗ ಅದಕ್ಕೂ ಪಕ್ಕದ ಕ್ಯಾಲೆಂಡರಿಗೂ ಒಂದೇ ಬೆಲೆ.

34/100 ಅಂದರೆ ನೂರು ಪ್ರತಿಗಳಲ್ಲಿ ಮೂವತ್ನಾಲ್ಕನೆಯದು. ಒಂದನೆಯದಕ್ಕೇ ಬೆಲೆ ಹೆಚ್ಚು ಅನ್ನೋದು ಬಹುಮಟ್ಟಿಗೆ ನಂಬಿಕೆ ಅಷ್ಟೆ. ಒಟ್ಟು ಎಷ್ಟು ಪ್ರತಿ ಅನ್ನೋದೇ ಮುಖ್ಯ. ಸಹಿಯನ್ನು ಓರೆ ಬೆಳಕಿನಲ್ಲಿ ನೋಡಿ. ನಿಜವಾದ ಪೆನ್ಸಿಲ್ ಗೆರೆ ಸ್ವಲ್ಪ ಮಿನುಗುತ್ತದೆ, ಕಾಗದ ಅಲ್ಲಿ ತುಸು ಒತ್ತಿರುತ್ತದೆ. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಹಿಡಿದಾಗ ಸಹಿಯೂ ಚಿತ್ರದ ಹಾಗೆ ಬಣ್ಣದ ಚುಕ್ಕಿಗಳಾಗಿ ಒಡೆದರೆ ಅದು ಅಚ್ಚಾದ ಸಹಿ. ನಮ್ಮ ಕಡೆಯ ಹಳೇ ಜಗಲಿಗಳಲ್ಲಿ ನೇತಾಡುವ ರವಿವರ್ಮನ ಲಕ್ಷ್ಮಿ, ಸರಸ್ವತಿಯರ ಮೇಲಿರುವ ಹೆಸರೂ ಅಂಥದ್ದೇ. ಅವರ ಮುದ್ರಣಾಲಯ 1894ರಲ್ಲಿ ಮುಂಬೈಯಲ್ಲಿ ಶುರುವಾದದ್ದೇ ಮನೆಮನೆಗೆ ಚಿತ್ರ ತಲುಪಿಸಲು. ಅವಕ್ಕೂ ಬೆಲೆ ಇದೆ, ಆದರೆ ಆ ಲೆಕ್ಕ ಬೇರೆ.

ಬೆಲೆಗೆ ಅಂಗಡಿಯವರ ಬಾಯಿಮಾತು ಬೇಡ. ಸ್ಯಾಫ್ರನ್‌ಆರ್ಟ್‌ನಂಥ ಹರಾಜು ಸಂಸ್ಥೆಗಳು ಹಳೆಯ ಹರಾಜಿನ ದರಗಳನ್ನು ಜಾಲತಾಣದಲ್ಲಿ ಹಾಕಿರುತ್ತವೆ. ಅದೇ ಕಲಾವಿದರ ಅದೇ ಪ್ರಿಂಟ್ ಎಷ್ಟಕ್ಕೆ ಹೋಯಿತು ನೋಡಿ. ನಿಮ್ಮ ಕೈಗೆ ಬರುವುದು ಅದಕ್ಕಿಂತ ಕಡಿಮೆಯೇ, ಕಮಿಷನ್ ಕಳೆಯಬೇಕಲ್ಲ. ಹಳೇ ಕಟ್ಟಿನ ಹಿಂದೆ ಗ್ಯಾಲರಿಯ ಚೀಟಿ ಇದ್ದರೆ, ತಂದೆಯವರ ಕಡತದಲ್ಲಿ ರಸೀದಿ ಇದ್ದರೆ ಜೋಪಾನವಾಗಿಡಿ. ಖರೀದಿಸುವವರು ಮೊದಲು ಕೇಳುವುದೇ ಅದನ್ನು.

ಇನ್ನು ಮಳೆಗಾಲದ ವಿಷಯ. ಘಟ್ಟದ ಮೇಲಿರಲಿ ಕೆಳಗಿರಲಿ, ಜುಲೈಯಲ್ಲಿ ಗಾಳಿಯ ತೇವ ಶೇ. 85 ದಾಟುತ್ತದೆ, ಕಾಗದಕ್ಕೆ ಬೂಷ್ಟು ಹಿಡಿಯಲು 65–70 ಸಾಕು. ಮಳೆ ಮುಗಿದ ಮೇಲೆ ಹಾಸಿಗೆ, ಕಂಬಳಿ ಎಲ್ಲವನ್ನೂ ಬಿಸಿಲಿಗೆ ಹಾಕುವುದು ನಮ್ಮ ರೂಢಿ. ಪ್ರಿಂಟನ್ನು ಮಾತ್ರ ಹಾಕಬೇಡಿ. ಬಣ್ಣ ಒಮ್ಮೆ ಮಾಸಿದರೆ ಮಾಸಿದಂತೆಯೇ. ಮಳೆ ಬಡಿಯುವ ಪಡುವಣ ಗೋಡೆಗೂ ಬೇಡ, ಬಚ್ಚಲೊಲೆಯ ಹೊಗೆ ಬರುವಲ್ಲಿಯೂ ಬೇಡ. ಒಳಗೋಡೆಗೆ ತೂಗುಹಾಕಿ, ಕಟ್ಟಿನ ಹಿಂದೆ ನಾಲ್ಕು ಮೂಲೆಗೆ ಬಿರಡೆಯ ಚೂರು ಅಂಟಿಸಿ, ಗಾಳಿಯಾಡಲಿ. ಚಿತ್ರ ಗಾಜಿಗೆ ತಾಗದಂತೆ ನಡುವೆ ಆಮ್ಲವಿಲ್ಲದ ರಟ್ಟಿನ ಚೌಕಟ್ಟು ಇರಬೇಕು. ಸೆಲ್ಲೋಟೇಪ್, ಲ್ಯಾಮಿನೇಷನ್ ಮಾತೇ ಬೇಡ.

ಈಗಾಗಲೇ ಇರುವ ಕಂದು ಚುಕ್ಕಿಗಳನ್ನು ತೆಗೆಯುವುದು ಕಾಗದ ಸಂರಕ್ಷಕರ ಕೆಲಸ. ಬೆಂಗಳೂರಿನಲ್ಲಿ ಇಂಟ್ಯಾಕ್‌ನ (ಕಲೆ, ಪರಂಪರೆ ಕಾಪಾಡುವ ರಾಷ್ಟ್ರೀಯ ಸಂಸ್ಥೆ) ಸಂರಕ್ಷಣಾ ಕೇಂದ್ರವಿದೆ. ಖರ್ಚಿಗೆ ಮುಂಚೆ ಅಷ್ಟು ಬೆಲೆ ಬಾಳುತ್ತದೋ ನೋಡೋಣ. ಕಲಾವಿದರ ಹೆಸರು ನೀವು ಬರೆದಿಲ್ಲ. ಕೆಳ ಅಂಚಿನದ್ದೊಂದು, ಹಿಂಬದಿಯದ್ದೊಂದು ಫೋಟೊ ಹಾಕಿ. ಫ್ಲ್ಯಾಶ್ ಬೇಡ, ಕಿಟಕಿ ಬೆಳಕು ಸಾಕು.