ದೊಡ್ಡವರ ಕಲಿಕೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ವಯಸ್ಸಾದವರು ಕಲಿಯುವುದು, ಅವರಿಗೆ ಕಲಿಸುವುದು ಕುರಿತು ಈ ಸಲ ಬಂದ ಪತ್ರಗಳಲ್ಲಿ ನಾಲ್ಕನ್ನು ಎತ್ತಿಕೊಂಡಿದ್ದೇವೆ. ಮೊದಲ ಪ್ರಶ್ನೆಗೆ ಉತ್ತರ ಉದ್ದವಾಯಿತು. ಆ ಪ್ರಶ್ನೆ ಹಲವರದ್ದೂ ಹೌದು.

ನಮ್ಮ ಕೇಂದ್ರಕ್ಕ ಹದಿನೆಂಟು ಮಂದಿ ಹೆಣ್ಮಕ್ಕಳು ಬರ್ತಾರ. ಎಲ್ಲಾರೂ ಹತ್ತಿ ಬಿಡಿಸಾಕ, ನೆಲ್ಲು ನಾಟಿಗೆ ಹೋಗೋರು. ಒಂದು ತಿಂಗಳು ‘ಅ’ದಿಂದ ‘ಅಃ’ತನಕ ತಿದ್ದಿಸೀನಿ. ಇವತ್ತು ಬರೀತಾರ, ನಾಳೆ ಮರೀತಾರ. ಐದಾರು ಮಂದಿ ಬರೋದೇ ಬಿಟ್ಟಾರ. ಏನು ಮಾಡ್ಲಿ?
– ಸಾಕ್ಷರತಾ ಸ್ವಯಂಸೇವಕಿ, ಮಾನ್ವಿ ತಾಲ್ಲೂಕು

ಅಕ್ಷರಮಾಲೆಯನ್ನು ತುದಿಯಿಂದ ಹಿಡಿದು ತಿದ್ದಿಸುವ ಕ್ರಮವೇ ನಿಮಗೆ ಅಡ್ಡ ಬಂದಿದೆ. ಸ್ವರಗಳು ಪೂರ್ತಿ ರೂಪದಲ್ಲಿ ಬರುವುದು ಹೆಚ್ಚಾಗಿ ಪದದ ಮೊದಲಲ್ಲಿ ಮಾತ್ರ. ಋ, ಅಃ ದಿನಬಳಕೆಯಲ್ಲಿ ಕಣ್ಣಿಗೆ ಬೀಳುವುದೇ ಅಪರೂಪ. ಒಂದು ತಿಂಗಳು ತಿದ್ದಿದ ಮೇಲೂ ಒಂದು ಪದ ಓದಲು ಬರದಿದ್ದರೆ, ಹಗಲೆಲ್ಲ ಬಗ್ಗಿ ದುಡಿದು ಬಂದವರು ಮತ್ತೆ ಯಾಕೆ ಬರಬೇಕು? ವಯಸ್ಕರ ಕಲಿಕೆಗೆ ಒಂದು ಶಾಸ್ತ್ರರೂಪ ಕೊಟ್ಟ ಅಮೆರಿಕದ ಮಾಲ್ಕಮ್ ನೋಲ್ಸ್ ಒತ್ತಿ ಹೇಳಿದ್ದು ಇದನ್ನೇ: ಮಕ್ಕಳು ಮುಂದೆಂದೋ ಬೇಕಾಗುವುದನ್ನು ಕಲಿಯಲು ಒಪ್ಪುತ್ತಾರೆ, ದೊಡ್ಡವರಿಗೆ ಕಲಿತದ್ದು ಈಗಲೇ ಕೈಗೆ ಬರಬೇಕು.

ಬ್ರೆಜಿಲ್‌ನ ಶಿಕ್ಷಣತಜ್ಞ ಪಾವ್ಲೊ ಫ್ರೇರೆ 1963ರಲ್ಲಿ ಆಂಜಿಕೋಸ್ ಎಂಬ ಊರಿನಲ್ಲಿ ಸುಮಾರು 300 ದುಡಿಯುವವರಿಗೆ 40 ಗಂಟೆಗಳ ಪಾಠ ನಡೆಸಿದ. ಅಕ್ಷರಮಾಲೆಯನ್ನು ಬದಿಗಿಟ್ಟು, ಜನರ ಬಾಯಲ್ಲಿ ದಿನವೂ ಆಡುವ, ಅವರನ್ನು ಕಾಡುವ ಪದಗಳನ್ನೇ ಆರಿಸಿದ. ಪದದ ಬಗ್ಗೆ ಮೊದಲು ಮಾತುಕತೆ, ಆಮೇಲೆ ಅದನ್ನು ಉಚ್ಚಾರದ ತುಂಡುಗಳಾಗಿ ಒಡೆಯುವುದು, ತುಂಡುಗಳನ್ನು ಕೂಡಿಸಿ ಹೊಸ ಪದ ಕಟ್ಟುವುದು. ನಮ್ಮ ಲಿಪಿ ಉಚ್ಚಾರದ ತುಂಡುಗಳಿಂದಲೇ ಆದದ್ದು. ಈ ವಿಧಾನ ಕನ್ನಡಕ್ಕೆ ಚೆನ್ನಾಗಿ ಹೊಂದುತ್ತದೆ. ಆದರೆ ‘ನಲವತ್ತು ಗಂಟೆ’ ಎಂಬ ಮಾತನ್ನು ಕೇಂದ್ರದಲ್ಲಿ ಆಡಬೇಡಿ. ಪೋರ್ಚುಗೀಸ್ ಭಾಷೆಯ ಅಕ್ಷರ ಇಪ್ಪತ್ತೈದರ ಆಸುಪಾಸು, ನಮ್ಮಲ್ಲಿ 49. ಅದರ ಮೇಲೆ ಗುಣಿತ, ಒತ್ತು. 1988ರಲ್ಲಿ ಶುರುವಾದ ರಾಷ್ಟ್ರೀಯ ಸಾಕ್ಷರತಾ ಮಿಷನ್ ಮೂರು ಪುಸ್ತಕಗಳಿಗೆ 200 ಗಂಟೆ ಇಟ್ಟಿತ್ತು. ವಾರಕ್ಕೆ ಐದು ದಿನ, ದಿನಕ್ಕೆ ಒಂದೂವರೆ ಗಂಟೆ ಹಿಡಿದರೆ ಸುಮಾರು 27 ವಾರ. ಅದು ನಂಬಬಹುದಾದ ಲೆಕ್ಕ.

ನಾಳೆಯಿಂದಲೇ ಹೀಗೆ ಮಾಡಿ. ಮೊದಲ ಪದ ‘ಸಾಲ’. ಪಾಟಿ-ಬಳಪ ತೆಗೆಯುವ ಮೊದಲು ಹತ್ತು ನಿಮಿಷ ಮಾತು: ಯಾರ ಹತ್ತಿರ ತರ್ತೀರಿ, ನೂರಕ್ಕೆ ಎಷ್ಟು ಬಡ್ಡಿ, ಸಂಘದ ಸಾಲಕ್ಕೂ ಕೈಸಾಲಕ್ಕೂ ಏನು ಫರಕು. ನೀವು ಕೇಳುವವರಾಗಿರಿ. ಆಮೇಲೆ ‘ಸಾಲ’ ಬರೆದು ಒಡೆಯಿರಿ. ಸ, ಲ ಎರಡೇ ಅಕ್ಷರ, ಜೊತೆಗೆ ಆ, ಇ, ಈ, ಉ, ಊ ಐದು ಗುಣಿತದ ಚಿಹ್ನೆಗಳು. ಇವನ್ನು ದಿನಕ್ಕೆ ಎರಡರಂತೆ ಕೊಡಿ. ಮೂರನೆಯ ಸಂಜೆಗೆ ‘ಸಲ, ಸಾಲು, ಸೀಲು, ಸುಲಿ’ ಅವರೇ ಓದುತ್ತಾರೆ. ಎರಡನೆಯ ಪದ ‘ಕೂಲಿ’. ಇದರಲ್ಲಿ ಹೊಸದು ‘ಕ’ ಒಂದೇ. ಆದರೆ ‘ಕಸ, ಕಾಲು, ಕಾಸು, ಕೂಸು, ಸಾಕು’ ಇಷ್ಟೂ ಸಿಗುತ್ತವೆ. ‘ನೀರು’ ಸೇರಿಸಿದರೆ ನ, ರ ಬರುತ್ತವೆ. ಅಲ್ಲಿಗೆ ಐದು ವ್ಯಂಜನ, ಐದು ಚಿಹ್ನೆ. ‘ಕೂಲಿ ನೂರು, ಸಾಲ ನೂರಾರು’ ಎಂಬ ಇಡೀ ವಾಕ್ಯವನ್ನು ಎರಡನೆಯ ವಾರದ ಕೊನೆಗೆ ಹಲಗೆಯ ಮೇಲೆ ಬರೆದು ಸುಮ್ಮನೆ ನಿಲ್ಲಿ. ಓದಿ, ನಗುತ್ತಾರೆ, ಬಿಟ್ಟುಹೋದವರ ಕಿವಿಗೂ ಅದು ಬೀಳುತ್ತದೆ. ಆಮೇಲೆ ಎ, ಏ, ಒ, ಓ ಚಿಹ್ನೆ: ಕೆಲಸ, ನೆಲ, ಸೋಲು, ಲೇಸು. ‘ಹತ್ತಿ’ ನಿಮ್ಮ ಕಡೆಯ ಮುಖ್ಯ ಪದವಾದರೂ ಅದರಲ್ಲಿ ಒತ್ತಿದೆ, ಎರಡನೆಯ ತಿಂಗಳಿಗೆ ಇಡಿ.

ಎಡವುವ ಜಾಗಗಳು ಕೆಲವು. ನೋಡಲು ಒಂದೇ ತರಹದ ಅಕ್ಷರಗಳನ್ನು ಒಂದೇ ವಾರ ಕೊಟ್ಟರೆ ಎರಡೂ ಕಲಸಿಹೋಗುತ್ತವೆ: ದ–ಧ, ಬ–ಭ, ಪ–ಷ. ಅಕ್ಷರಮಾಲೆಯಲ್ಲಿ ದ, ಧ ಪಕ್ಕಪಕ್ಕದಲ್ಲೇ ಕೂತಿವೆ, ಅದಕ್ಕೇ ಆ ಕ್ರಮ ಬಿಡಿ ಅಂದದ್ದು. ಮಹಾಪ್ರಾಣ ಮಾತಿನಲ್ಲೇ ಅಷ್ಟಾಗಿ ಕೇಳಿಸದ ಸೀಮೆ ನಮ್ಮದು. ಅವನ್ನು ಕೊನೆಗೆ ಇಡಿ. ‘ಮೊ, ಯೊ’ಗಳ ಗುಣಿತ ಉಳಿದ ಅಕ್ಷರಗಳ ಹಾಗೆ ಇರುವುದಿಲ್ಲ, ಬೇರೆಯಾಗಿಯೇ ಹೇಳಿಕೊಡಬೇಕು. ‘ಮನೆ’ ಬರೆಯಿರಿ ಅಂದರೆ ‘ಮನಿ’ ಅಂತ ಬರೆದಾರು. ಕೇಳಿದ ಸದ್ದನ್ನು ಸರಿಯಾಗಿಯೇ ಬರೆದಿದ್ದಾರೆ. ಕೆಂಪು ಗೀಟು ಹೊಡೆಯದೆ, ಪಕ್ಕದಲ್ಲಿ ‘ಮನೆ’ ಬರೆದು ‘ಪುಸ್ತಕದಾಗ ಹಿಂಗ ಇರ್ತೈತಿ’ ಅನ್ನಿ, ಸಾಕು. ಒಬ್ಬೊಬ್ಬರನ್ನೇ ಎಬ್ಬಿಸಿ ಓದಿಸಬೇಡಿ. ಸೊಸೆಯ ಮುಂದೆ ತಡವರಿಸಿದ ಅತ್ತೆ ಮರುದಿನ ಬರುವುದಿಲ್ಲ. ಇಬ್ಬಿಬ್ಬರು ಕೂಡಿ ಓದಲಿ.

ಇನ್ನೊಂದು, ಕಣ್ಣು. ನಲವತ್ತು ದಾಟಿದ ಮೇಲೆ ಹತ್ತಿರದ್ದು ಮಂಜಾಗುವುದು ಎಲ್ಲರಿಗೂ ಸಹಜ. ‘ತಲೆಗೆ ಹತ್ತುವುದಿಲ್ಲ’ ಅನ್ನುವವರಲ್ಲಿ ಹಲವರಿಗೆ ನಿಜಕ್ಕೂ ಪುಸ್ತಕವೇ ಕಾಣುತ್ತಿರುವುದಿಲ್ಲ. ಪುಸ್ತಕವನ್ನು ತೋಳುದ್ದ ದೂರ ಹಿಡಿಯುವವರನ್ನು ಗುರುತಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರದ ಕಣ್ಣಿನ ತಪಾಸಣೆಯ ದಿನ ಕರೆದೊಯ್ಯಿರಿ. ಕನ್ನಡಕ ಬರುವತನಕ ಅಕ್ಷರವನ್ನು ಹೆಬ್ಬೆಟ್ಟಿನಷ್ಟು ದೊಡ್ಡದಾಗಿ ಬರೆಯಿರಿ.

ಗುಳೆ ಹೋಗುವ ಕಾಲ ಮೊದಲೇ ಗೊತ್ತಿರುತ್ತದೆ. ಹೊರಡುವ ಹಿಂದಿನ ವಾರ ಹೊಸದೇನೂ ಕಲಿಸದೆ ಹಳೆಯದನ್ನೇ ತಿರುವಿ. ಅವರಿಗೆ ಬರುವ ಪದಗಳಿಂದಲೇ ಮಾಡಿದ ಒಂದು ಹಾಳೆ ಕೈಗೆ ಕೊಡಿ. ವಾಪಸು ಬಂದಾಗ ಮೊದಲ ಮೂರು ಸಂಜೆ ಆ ಹಾಳೆಯಿಂದಲೇ. ಮರೆತದ್ದು ಎರಡನೆಯ ಸಲ ಬೇಗ ಬರುತ್ತದೆ.

ಬಳ್ಳಾರಿಯಲ್ಲಿ ನಮ್ಮದು ಜೀನ್ಸ್ ಹೊಲಿಯುವ ಸಣ್ಣ ಯೂನಿಟ್. ಕೆಲಸಕ್ಕೆ ಬರುವವರಲ್ಲಿ 35–45ರ ಹೆಂಗಸರೇ ಹೆಚ್ಚು. ನಮ್ಮ ಅತ್ಯುತ್ತಮ ಟೈಲರ್ ಎರಡು ದಿನ ಎಲ್ಲ ತೋರಿಸುತ್ತಾರೆ. ಆದರೂ ಸೂಜಿ ಮುರಿಯುವುದು, ಹೊಲಿಗೆ ಓಡುವುದು ನಿಲ್ಲುವುದಿಲ್ಲ. ಊರಲ್ಲಿ ವರ್ಷಗಟ್ಟಲೆ ಹೊಲಿದವರೂ ಇಲ್ಲಿ ತಡವರಿಸುತ್ತಾರಲ್ಲ?
– ಮೇಲ್ವಿಚಾರಕ, ಬಳ್ಳಾರಿ

ಕೈಕೆಲಸ ಮೂರು ಹಂತದಲ್ಲಿ ಬಲಿಯುತ್ತದೆ ಎಂದು ಮನೋವಿಜ್ಞಾನಿಗಳಾದ ಫಿಟ್ಸ್ ಮತ್ತು ಪೋಸ್ನರ್ 1967ರಲ್ಲಿ ವಿವರಿಸಿದರು. ಮೊದಲು ಪ್ರತಿ ಹೆಜ್ಜೆಯನ್ನೂ ಯೋಚಿಸಿ ಮಾಡುವುದು, ಆಮೇಲೆ ತಪ್ಪು ಕಡಿಮೆಯಾಗುವುದು, ಕೊನೆಗೆ ಕೈ ತಾನೇ ನಡೆಯುವುದು. ನಿಮ್ಮ ಅತ್ಯುತ್ತಮ ಟೈಲರ್ ಮೂರನೆಯ ಹಂತದಲ್ಲಿದ್ದಾರೆ. ತಾನು ಏನು ಮಾಡುತ್ತೇನೆ ಎಂಬುದು ಅವರ ಬಾಯಿಗೆ ಬರುವುದಿಲ್ಲ. ವರ್ಷದ ಹಿಂದೆ ಕಲಿತ, ಈಗ ಪರವಾಗಿಲ್ಲ ಎನ್ನುವಂತೆ ಹೊಲಿಯುವವರನ್ನು ಕಲಿಸಲು ಹಾಕಿ.

ಎರಡನೆಯದು ತಲೆಯ ಮೇಲಿನ ಹೊರೆ. ಹೊಸ ಸಂಗತಿಗಳನ್ನು ಒಟ್ಟಿಗೆ ಮನಸ್ಸಿನಲ್ಲಿ ಹಿಡಿದಿಡುವ ಮಿತಿ ನಾಲ್ಕರ ಆಸುಪಾಸು. ಪೆಡಲ್, ಬಟ್ಟೆಯ ಅಂಚು, ಕೈಯ ಜಾಗ, ದಾರದ ಬಿಗಿ, ಜೊತೆಗೆ ಮೋಟಾರಿನ ವೇಗ. ಇಲ್ಲೇ ಐದಾಯಿತು. ಆದ್ದರಿಂದ ಒಂದೊಂದೇ ಇಳಿಸಿ. ಮೊದಲ ದಿನ ದಾರವೇ ಬೇಡ, ಗೀಟು ಹಾಕಿದ ಕಾಗದದ ಮೇಲೆ ಬರಿ ಸೂಜಿ ಓಡಿಸಲಿ: ನೇರ ಗೀಟು, ಬಾಗಿದ ಗೀಟು, ಆಮೇಲೆ ಮೂಲೆ. ಮೂಲೆಯಲ್ಲಿ ಸೂಜಿ ಕಾಗದದೊಳಗೇ ಇರಲಿ, ಮಿಷನ್ನಿನ ಒತ್ತುಪಾದ ಎತ್ತಿ ಕಾಗದ ತಿರುಗಿಸಬೇಕು. ತೂತುಗಳು ಗೀಟಿನ ಮೇಲೆ ಬಿದ್ದಿವೆಯೋ ಇಲ್ಲವೋ ಅವರಿಗೇ ಕಾಣುತ್ತದೆ. ನೀವು ಬಯ್ಯುವ ಅಗತ್ಯ ಬೀಳುವುದಿಲ್ಲ. ಎರಡನೆಯ ದಿನ ದಾರ ಹಾಕಿ ಎರಡು ಪದರ ಡೆನಿಮ್ ಚಿಂದಿಯ ಮೇಲೆ ನೇರ ಹೊಲಿಗೆ. ಜೇಬಿನ ಬಾಯಿ ಮಡಚುವುದು, ಜೇಬು ಕೂಡಿಸುವುದು ಆಮೇಲೆ. ಒಂದು ಕೆಲಸ ಹದಕ್ಕೆ ಬರುವತನಕ ಇನ್ನೊಂದಕ್ಕೆ ಹಾಕಬೇಡಿ.

ಸೂಜಿ ಮುರಿಯುವುದು ಹೆಚ್ಚಾಗಿ ಹೊಲಿಗೆಗಳು ಕೂಡುವ ದಪ್ಪ ಜಾಗದಲ್ಲಿ. ಬಟ್ಟೆ ಮುಂದೆ ಹೋಗದಾಗ ಹೊಸಬರು ಹಿಂದಿನಿಂದ ಎಳೆಯುತ್ತಾರೆ, ಸೂಜಿ ಬಾಗಿ ತಗಡಿಗೆ ಬಡಿಯುತ್ತದೆ. ಆ ಜಾಗ ಬಂದಾಗ ಪೆಡಲಿನಿಂದ ಕಾಲು ತೆಗೆದು, ಕೈಚಕ್ರವನ್ನು ಕೈಯಿಂದಲೇ ತಿರುಗಿಸಿ ದಾಟುವುದನ್ನು ಬೇರೆ ಪಾಠವಾಗಿಯೇ ಕಲಿಸಿ. ಸೂಜಿ 16 ಅಥವಾ 18ನೇ ನಂಬರಿನದ್ದೇ ಇದೆಯೇ ಎಂದೂ ನೋಡಿ.

ಊರಲ್ಲಿ ಹೊಲಿದವರ ಕತೆ ಬೇರೆ. ತುಳಿಯುವ ಮಿಷನ್ನಿನ ಅಭ್ಯಾಸ ಕಾಲಲ್ಲಿ ಕೂತಿದೆ; ಅಲ್ಲಿ ತುಳಿತ ಬೇಕು, ಇಲ್ಲಿ ಒತ್ತಡ. ಅವರಿಗೆ ಕಾಗದದ ಗೀಟಿನ ಪಾಠ ಕೊಟ್ಟರೆ ಅವಮಾನವೂ ಹೌದು, ನಷ್ಟವೂ ಹೌದು: ಹೊಸಬರಿಗೆ ನೆರವಾಗುವ ಬಿಡಿಬಿಡಿ ವಿವರಣೆ ಬಲ್ಲವರಿಗೆ ಅಡ್ಡಿಯಾಗುತ್ತದೆ ಎಂಬುದು ಪ್ರಯೋಗಗಳಲ್ಲಿ ಕಂಡುಬಂದಿದೆ. ಅವರಿಗೆ ಒಂದು ದಿನ ಪೆಡಲ್ ಒಂದೇ ಕೊಡಿ: ಹತ್ತು ಹೊಲಿಗೆ ಹಾಕಿ ನಿಲ್ಲಿಸು, ಐದು ಹಾಕಿ ನಿಲ್ಲಿಸು, ಒಂದೇ ಒಂದು ಹಾಕಿ ನಿಲ್ಲಿಸು. ಮೊಬೈಲಿನಲ್ಲಿ ವಿಡಿಯೊ ಮಾಡುವುದಾದರೆ ಹೊಲಿಯುವವರ ಹೆಗಲ ಮೇಲಿನಿಂದ ತೆಗೆಯಿರಿ. ಎದುರಿನಿಂದ ತೆಗೆದರೆ ಎಡ-ಬಲ ಅದಲುಬದಲಾಗಿ ಕಾಣುತ್ತದೆ.

ನೀವು ಕೇಳದ ಒಂದು ಮಾತು: ಮೊದಲ ಎರಡು ವಾರ ಪೀಸ್ ಲೆಕ್ಕದ ಪಗಾರ ಬೇಡ, ದಿನಗೂಲಿ ಕೊಡಿ. ಪೀಸಿಗೆ ದುಡ್ಡು ಅಂದಕೂಡಲೇ ಕೈ ಅವಸರಕ್ಕೆ ಬೀಳುತ್ತದೆ, ಅವಸರದ ತಪ್ಪು ಅಭ್ಯಾಸವಾಗಿ ಉಳಿಯುತ್ತದೆ.

ನೆಲ್ಲಿಗೆ ಬೀಳುವ ಕಂದು ಜಿಗಿಹುಳುವಿನ ಬಗ್ಗೆ ಸಭೆ ಮಾಡಿದರೆ ರೈತರು ಎಲ್ಲದಕ್ಕೂ ‘ಹೂಂ’ ಅನ್ನುತ್ತಾರೆ. ಮರುದಿನ ಅಂಗಡಿಯವರು ಕೊಟ್ಟ ಎಣ್ಣೆ (ಕೀಟನಾಶಕ) ಹೊಡೆಯುತ್ತಾರೆ. ಏನು ಬದಲಿಸಬೇಕು?
– ರೈತ ಉತ್ಪಾದಕರ ಸಂಸ್ಥೆಯ ಸಿಬ್ಬಂದಿ, ಗಂಗಾವತಿ

ಸಭೆಯನ್ನು ಗದ್ದೆಗೆ ಒಯ್ಯಬೇಕು. 1989ರಲ್ಲಿ ಇಂಡೊನೇಷ್ಯಾದಲ್ಲಿ, ಇದೇ ಹುಳುವಿನ ಕಾಟಕ್ಕೆ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ ‘ರೈತರ ಹೊಲ ಶಾಲೆ’ ಶುರುವಾಯಿತು. ಪಾಠ ಹೇಳುವವರು ಅಲ್ಲಿ ಕಡಿಮೆ ಮಾತಾಡುತ್ತಾರೆ. 25ರಿಂದ 30 ರೈತರು, ಐದೈದು ಮಂದಿಯ ಗುಂಪು, ನಾಟಿಯಿಂದ ಕಟಾವಿನವರೆಗೆ ವಾರಕ್ಕೊಂದು ಬೆಳಗ್ಗೆ. ಗದ್ದೆಯ ಒಂದು ಭಾಗದಲ್ಲಿ ಅವರ ರೂಢಿಯ ಬೇಸಾಯ, ಇನ್ನೊಂದರಲ್ಲಿ ಹುಳು ನೋಡಿ ತೀರ್ಮಾನಿಸುವ ಬೇಸಾಯ.

ಪ್ರತಿ ಗುಂಪೂ ಮೂಲೆಯಿಂದ ಮೂಲೆಗೆ ನಡೆದು ಹತ್ತು ಬುಡ ನೋಡಲಿ. ಎಲೆಯ ಮೇಲಲ್ಲ, ನೀರಿಗೆ ಹತ್ತಿರದ ಕಾಂಡದಲ್ಲಿ. ಜಿಗಿಹುಳು ಇರುವುದೇ ಅಲ್ಲಿ. ಆಮೇಲೆ ದೊಡ್ಡ ಹಾಳೆಯ ನಡುವೆ ನೆಲ್ಲಿನ ಗಿಡ ಬರೆದು, ಒಂದು ಬದಿ ಕಾಟದ ಹುಳು, ಇನ್ನೊಂದು ಬದಿ ಜೇಡದಂಥ ಮಿತ್ರ ಹುಳು, ಎಣಿಸಿದ ಲೆಕ್ಕದ ಸಮೇತ. ಕೊನೆಗೆ ‘ಈ ವಾರ ಏನು ಮಾಡೋಣ’ ಎಂಬ ತೀರ್ಮಾನ ಗುಂಪಿನದೇ ಆಗಲಿ. ಕಲಿಕೆಯ ಬಗ್ಗೆ ಅಮೆರಿಕದ ಡೇವಿಡ್ ಕೋಲ್ಬ್ 1984ರಲ್ಲಿ ಹೇಳಿದ ಅನುಭವ, ಅವಲೋಕನ, ಅರ್ಥೈಸುವಿಕೆ, ಮತ್ತೆ ಪ್ರಯೋಗ ಎಂಬ ನಾಲ್ಕು ಹಂತಗಳೂ ಇಲ್ಲಿ ತಾವಾಗಿ ಆಗುತ್ತವೆ.

ಅತಿ ಹೆಚ್ಚು ಮನಸ್ಸು ಬದಲಿಸುವುದು ಒಂದು ಪ್ಲಾಸ್ಟಿಕ್ ಡಬ್ಬಿ. ಒಳಗೆ ಒಂದು ನೆಲ್ಲಿನ ಗಿಡ, ಎಣಿಸಿ ಬಿಟ್ಟ ಜಿಗಿಹುಳು, ಒಂದು ಜೇಡ; ಬಾಯಿಗೆ ತೆಳು ಬಟ್ಟೆ. ಮರುದಿನ ಎಷ್ಟು ಉಳಿದವು ಎಂದು ರೈತರೇ ಎಣಿಸಲಿ. ಬೇಗ ಎಣ್ಣೆ ಹೊಡೆದರೆ ಜೇಡ ಮೊದಲು ಸಾಯುತ್ತದೆ, ಜಿಗಿಹುಳು ಇಮ್ಮಡಿಯಾಗಿ ಬರುತ್ತದೆ ಎಂಬುದನ್ನು ಆಮೇಲೆ ಹೇಳಿದರೆ ನಾಟುತ್ತದೆ. ಯೂರಿಯಾ ಹೆಚ್ಚಾದ ಗದ್ದೆ, ಎಂಟು-ಹತ್ತು ಅಡಿಗೊಂದು ಅಡಿ ಜಾಗ ಬಿಟ್ಟು ನಾಟಿ ಮಾಡಿದ ಗದ್ದೆ, ಎರಡನ್ನೂ ಅದೇ ಬೆಳಗ್ಗೆ ಅಕ್ಕಪಕ್ಕ ತೋರಿಸಿ, ಹುಳು ಎಲ್ಲಿ ಹೆಚ್ಚು ಎಂದು ಅವರೇ ನೋಡಲಿ. ನಾಟಿಯ ವಾರದಲ್ಲಿ ಶುರು ಮಾಡಬೇಕು. ಹುಳು ಬಿದ್ದ ಮೇಲೆ ಕರೆದರೆ ಕಲಿಯುವ ವ್ಯವಧಾನ ಯಾರಿಗೂ ಇರುವುದಿಲ್ಲ.

ನನಗೆ 47. ಬಡ್ತಿಗಾಗಿ ಖಾಸಗಿಯಾಗಿ ಎಸ್‌ಎಸ್‌ಎಲ್‌ಸಿ ಕಟ್ಟಿದ್ದೇನೆ. ಮೂರು ಸಲ ಓದಿದರೂ ತಲೆಯಲ್ಲಿ ನಿಲ್ಲುವುದಿಲ್ಲ. ಇನ್ನೊಂದು: ಇಲಾಖೆಯ ತರಬೇತಿಯಲ್ಲಿ ‘ಓದಿದ್ದು 10, ಕೇಳಿದ್ದು 20, ಮಾಡಿದ್ದು 90 ಪರ್ಸೆಂಟ್ ನೆನಪಿರುತ್ತದೆ’ ಎಂದು ತೋರಿಸಿದರು. ನಿಜವೇ?
– ಗ್ರೂಪ್ ಡಿ ನೌಕರ, ಸಿರುಗುಪ್ಪ

ವಯಸ್ಸಾದರೆ ವೇಗ ಸ್ವಲ್ಪ ತಗ್ಗುತ್ತದೆ, ಕಲಿಯುವ ಶಕ್ತಿ ಇರುತ್ತದೆ. ಇದನ್ನು ಅಮೆರಿಕದ ಮನೋವಿಜ್ಞಾನಿ ಥಾರ್ನ್‌ಡೈಕ್ 1928ರಲ್ಲೇ ತೋರಿಸಿದ್ದ. ಮೂರು ಸಲ ಓದುವ ಕ್ರಮ ಬಿಡಿ. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಮಾಡಿದ ಪ್ರಯೋಗದಲ್ಲಿ, ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರು ಮುಂದಿದ್ದರು. ವಾರದ ನಂತರ ಕೇಳಿದಾಗ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರು ಮುಂದಿದ್ದರು. ಇಪ್ಪತ್ತು ನಿಮಿಷ ಓದಿ, ಮುಚ್ಚಿ, ನೆನಪಿದ್ದಷ್ಟು ಬರೆಯಿರಿ. ಆಮೇಲೆ ಮಾತ್ರ ತೆರೆದು ಬಿಟ್ಟದ್ದನ್ನು ಬೇರೆ ಬಣ್ಣದಲ್ಲಿ ತುಂಬಿ. ಅದೇ ಪಾಠವನ್ನು ಮರುದಿನ, ಮೂರನೇ ದಿನ, ವಾರಕ್ಕೆ, ಹದಿನೈದು ದಿನಕ್ಕೆ ಹೀಗೆಯೇ. ಬರೆಯುವಾಗ ಹಿಂಸೆ ಅನ್ನಿಸುತ್ತದೆ, ಏನೂ ಬರುವುದಿಲ್ಲ ಅನ್ನಿಸುತ್ತದೆ. ಆ ಹೆಣಗಾಟವೇ ನೆನಪನ್ನು ಗಟ್ಟಿ ಮಾಡುವುದು. ಗಣಿತದಲ್ಲಿ ಒಂದೇ ಬಗೆಯ ಹತ್ತು ಲೆಕ್ಕ ಸಾಲಾಗಿ ಮಾಡದೆ ಬೇರೆ ಬೇರೆ ಅಧ್ಯಾಯದವನ್ನು ಬೆರೆಸಿ. ಪರೀಕ್ಷೆಯಲ್ಲಿ ‘ಇದು ಯಾವ ಸೂತ್ರದ್ದು’ ಎಂದು ಯಾರೂ ಹೇಳಿರುವುದಿಲ್ಲ. ಬರೆದು ರೂಢಿ ತಪ್ಪಿದ ಕೈ ಅರ್ಧ ಗಂಟೆಗೇ ನೋಯುತ್ತದೆ. ಕೊನೆಯ ತಿಂಗಳು ವಾರಕ್ಕೊಂದು ಹಳೆಯ ಪತ್ರಿಕೆಯನ್ನು ಪೂರ್ತಿ ಸಮಯ ಇಟ್ಟುಕೊಂಡು ಬರೆಯಿರಿ.

ಆ ಪರ್ಸೆಂಟುಗಳು ಕಟ್ಟುಕತೆ. ಅವನ್ನು ಸಾಮಾನ್ಯವಾಗಿ ಹಚ್ಚಿ ತೋರಿಸುವುದು ಅಮೆರಿಕದ ಶಿಕ್ಷಣತಜ್ಞ ಎಡ್ಗರ್ ಡೇಲ್ 1946ರಲ್ಲಿ ಬರೆದ ಶಂಕುವಿನ ಚಿತ್ರಕ್ಕೆ. ಅದರಲ್ಲಿ ಅಂಕಿಯೇ ಇರಲಿಲ್ಲ, ಆಮೇಲೆ ಯಾರೋ ಅಂಟಿಸಿದರು. ‘ನೋಡಿ ಕಲಿಯುವವರು, ಕೇಳಿ ಕಲಿಯುವವರು’ ಎಂದು ಜನರನ್ನು ವಿಂಗಡಿಸಿ ಹಾಗೆಯೇ ಕಲಿಸಬೇಕು ಎಂಬುದಕ್ಕೂ ಸರಿಯಾದ ಆಧಾರವಿಲ್ಲ ಎಂದು 2008ರ ಪರಾಮರ್ಶೆಯೊಂದು ತೋರಿಸಿತು. ನಕ್ಷೆಯನ್ನು ಎಲ್ಲರೂ ನೋಡಿಯೇ ಕಲಿಯಬೇಕು, ಉಚ್ಚಾರವನ್ನು ಎಲ್ಲರೂ ಕೇಳಿಯೇ ಕಲಿಯಬೇಕು. ಮುಂದಿನ ತರಬೇತಿಯಲ್ಲಿ ಆ ಚಿತ್ರ ಮತ್ತೆ ಬಂದರೆ, ಅಂಕಿ ಎಲ್ಲಿಂದ ಬಂದವು ಎಂದು ಮರ್ಯಾದೆಯಿಂದಲೇ ಕೇಳಿ.