ತುಮಕೂರಿನಿಂದ ಮೈಸೂರಿನ ರೈಲು ಮ್ಯೂಸಿಯಂ, ಒಂದೇ ದಿನದಲ್ಲಿ

ಎರಡು ಚಿಕ್ಕ ಮಕ್ಕಳು, ಮಂಡಿ ನೋವಿರುವ ಅತ್ತೆ, ಬೆಳಿಗ್ಗೆ ತುಮಕೂರು ಬಿಟ್ಟು ರಾತ್ರಿ ವಾಪಸ್ ಬರಬಹುದಾ ಅಂತ ಕೇಳಿದ್ದೀರಿ. ಖಂಡಿತ ಬರಬಹುದು. ನಾವೂ ಅಮ್ಮನನ್ನು ಕರೆದುಕೊಂಡು ಹಾಗೇ ಹೋಗಿ ಬಂದೆವು.

ಕಾರು ಬೇಡ, ರೈಲಿನಲ್ಲೇ ಹೋಗಿ. ಬೆಂಗಳೂರಿನಲ್ಲಿ ಬದಲಾಯಿಸಿದರೂ ಪರವಾಗಿಲ್ಲ, ರೈಲು ನೋಡಲು ರೈಲಿನಲ್ಲೇ ಹೋಗುವುದು ಮಕ್ಕಳಿಗೆ ಅರ್ಧ ಹಬ್ಬ ಅಲ್ವಾ! ಮ್ಯೂಸಿಯಂ ಮೈಸೂರು ಸ್ಟೇಷನ್ ಹತ್ತಿರವೇ ಇದೆ, ಕೆಆರ್‌ಎಸ್ ರಸ್ತೆಯಲ್ಲಿ ಸಿಎಫ್‌ಟಿಆರ್‌ಐ (ಆಹಾರ ಸಂಶೋಧನಾ ಸಂಸ್ಥೆ) ಎದುರು. ಅತ್ತೆಗೆ ಆಟೋ ಮಾಡಿ.

1979ರಲ್ಲಿ ಶುರುವಾದ ಜಾಗ. ಹಳೇ ಉಗಿ ಎಂಜಿನ್‌ಗಳು ಬಯಲಲ್ಲೇ ನಿಂತಿವೆ. ನನ್ನ ಮಗ ಒಂದು ಚಕ್ರದ ಪಕ್ಕ ನಿಂತು ತಲೆಯ ಮೇಲೆ ಕೈಯಿಟ್ಟು ಎತ್ತರ ಅಳೆದ. ಚಕ್ರವೇ ಗೆದ್ದಿತು! 1899ರ ಮಹಾರಾಣಿ ಸಲೂನ್, ಅಂದರೆ ಮಹಾರಾಣಿಯ ರೈಲು ಬೋಗಿ, ಅದನ್ನು ಮಾತ್ರ ತಪ್ಪಿಸಬೇಡಿ. ರೈಲಿನೊಳಗೇ ಅಡುಗೆಮನೆ, ಊಟದ ಕೋಣೆ. ಅಮ್ಮ ಅದರ ಮುಂದಿನಿಂದ ಕದಲಲೇ ಇಲ್ಲ. ಹಳಿ ಮೇಲೆ ಓಡುತ್ತಿದ್ದ ಆಸ್ಟಿನ್ ಕಾರನ್ನೂ ಮಕ್ಕಳಿಗೆ ತೋರಿಸಿ.

ಬಿಸಿಲು ಜಾಸ್ತಿ, ಟೋಪಿ, ನೀರು ಇರಲಿ. ನಾವು ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಕಟ್ಟಿಸಿಕೊಂಡು ಹೋಗಿ ರೈಲಿನಲ್ಲೇ ತಿಂದೆವು. ವಾರದ ರಜೆ ಯಾವತ್ತು ಅಂತ ಹಿಂದಿನ ದಿನವೇ ವಿಚಾರಿಸಿಕೊಳ್ಳಿ.