ಗೂಗಲ್‌ನಲ್ಲಿ ಜನ ಒಂದು ಪದವನ್ನು ಯಾವಾಗ, ಎಲ್ಲಿ ಹೆಚ್ಚು ಹುಡುಕುತ್ತಾರೆ ಎಂದು ತೋರಿಸುವ ಗೂಗಲ್ ಟ್ರೆಂಡ್ಸ್ ನೋಡಿ ಒಂದು ಪ್ರದೇಶದ ಮೇಲೆ ಪ್ರವಾಸಿಗರಿಗೆ ಎಷ್ಟು ಆಸಕ್ತಿ ಇದೆ ಎಂದು ಹೇಳಬಹುದೇ?

ಹೇಳಬಹುದು. ಆದರೆ ಗ್ರಾಫ್ 50ರಿಂದ 100ಕ್ಕೆ ಏರಿದೆ, ಬರುವವರೂ ದುಪ್ಪಟ್ಟಾಗುತ್ತಾರೆಯೇ ಎಂದು ಕೇಳಿದ್ದೀರಿ. ಹಾಗೆ ಓದಬೇಡಿ. ಆ 100 ಹುಡುಕಿದವರ ತಲೆ ಎಣಿಕೆಯಲ್ಲ. ನೀವು ಆರಿಸಿದ ಅವಧಿಯಲ್ಲಿ ಒಟ್ಟು ಹುಡುಕಾಟದೊಳಗೆ ಆ ಪದದ ಪಾಲು ಯಾವಾಗ ಅತಿ ಹೆಚ್ಚಿತ್ತೋ ಅದಕ್ಕೆ 100 ಕೊಟ್ಟು, ಉಳಿದದ್ದನ್ನು ಅದಕ್ಕೆ ಹೋಲಿಸಿರುತ್ತಾರೆ. ಎಲ್ಲೆಲ್ಲಿ ಹುಡುಕಿದ್ದಾರೆ ಎಂದು ಅದು ತೋರಿಸುವ ನಕ್ಷೆಯೂ ಅಷ್ಟೇ: ಜನ ಕಡಿಮೆ ಇರುವ ಪ್ರಾಂತ್ಯ ಗಾಢವಾಗಿ ಕಂಡರೂ ಅಲ್ಲಿಂದ ಬರುವವರು ಬೆರಳೆಣಿಕೆಯಷ್ಟೇ ಇರಬಹುದು.

ಪ್ರವಾಸೋದ್ಯಮದ ಅಂಕಿಅಂಶ ನೋಡುವುದೇ ನನ್ನ ಕೆಲಸ. ಶುರುವಿನಲ್ಲಿ ನಾನೂ ಬರೀ ಊರಿನ ಹೆಸರು ಹಾಕಿ ನೋಡುತ್ತಿದ್ದೆ. ಜಾವಾ ಎಂದು ಹಾಕಿದರೆ ದ್ವೀಪಕ್ಕಿಂತ ಪ್ರೋಗ್ರಾಮಿಂಗ್ ಭಾಷೆಯೇ ಮೇಲೆ ಬರುತ್ತದೆ. ಟ್ರೆಂಡ್ಸ್‌ನಲ್ಲಿ ಪದದ ಬದಲು ಅದೇ ತೋರಿಸುವ 'ವಿಷಯ'ವನ್ನು (topic) ಆರಿಸಿಕೊಂಡರೆ ಈ ಕಲಬೆರಕೆ ಬಹಳ ಮಟ್ಟಿಗೆ ತಪ್ಪುತ್ತದೆ, ಬೇರೆ ಬೇರೆ ಭಾಷೆಗಳಲ್ಲಿ ಹುಡುಕಿದ್ದೂ ಒಟ್ಟಿಗೆ ಸಿಗುತ್ತದೆ.

ಅಷ್ಟಾದರೂ ಹೆಸರೊಂದನ್ನೇ ನಂಬಬಾರದು. 2023ರ ಆಗಸ್ಟ್‌ನಲ್ಲಿ ಹವಾಯಿಯ ಮಾವಿ ದ್ವೀಪದ ಲಹೈನಾ ಪಟ್ಟಣ ಕಾಡ್ಗಿಚ್ಚಿಗೆ ಸುಟ್ಟುಹೋಯಿತು. ಜಗತ್ತೆಲ್ಲ ಮಾವಿಯನ್ನು ಹುಡುಕಿತು, ದ್ವೀಪಕ್ಕೆ ಬರುವವರು ಮಾತ್ರ ತೀರಾ ಇಳಿದುಹೋದರು. ಸುದ್ದಿಗಾಗಿ ಹುಡುಕುವವರು, ಶಾಲೆಯ ಪಾಠಕ್ಕಾಗಿ ಹುಡುಕುವವರು, ಬ್ಯಾಗ್ ಕಟ್ಟಿಕೊಂಡು ಹೊರಡುವವರು, ಎಲ್ಲರೂ ಆ ಒಂದೇ ಗೆರೆಯಲ್ಲಿದ್ದಾರೆ. ಇವರನ್ನು ಬೇರ್ಪಡಿಸಿ ತೋರಿಸುವುದು ಹೆಸರಿನ ಪಕ್ಕದ ಪದ. ಹೋಟೆಲ್, ವಿಮಾನ, ತಲುಪುವುದು ಹೇಗೆ, ಯಾವ ತಿಂಗಳು ಚೆನ್ನಾಗಿರುತ್ತದೆ: ಇವುಗಳ ಗೆರೆ ಏರಿದರೆ ನಾನು ಎದ್ದು ಕೂರುತ್ತೇನೆ. ತೀರಾ ಸಣ್ಣ ಊರಾದರೆ ಇಂಥ ಹುಡುಕಾಟ ಸಾಕಷ್ಟಿರದೆ ಸೊನ್ನೆ ತೋರಿಸುತ್ತದೆ. ಆಗ ಇಡೀ ಪ್ರದೇಶದ ಹೆಸರಿಗೆ ಹೋಗಿ.

ಗೂಗಲ್‌ನಲ್ಲಿದ್ದ ಸಂಶೋಧಕರಾದ ಹ್ಯುನ್‌ಯಂಗ್ ಚೋಯ್ ಮತ್ತು ಹಾಲ್ ವೇರಿಯನ್ 2009ರಲ್ಲೇ ಹಾಂಗ್‌ಕಾಂಗ್‌ಗೆ ಬರುವವರ ಸಂಖ್ಯೆಯನ್ನು ಹೀಗೆ ಅಂದಾಜಿಸಿದ್ದರು. ಅವರೂ ಹುಡುಕಾಟವನ್ನಷ್ಟೇ ನೆಚ್ಚಿಕೊಳ್ಳದೆ ಹಿಂದಿನ ತಿಂಗಳುಗಳಲ್ಲಿ ಬಂದವರ ಲೆಕ್ಕವನ್ನೂ ಜೊತೆಗಿಟ್ಟಿದ್ದರು. ನೀವು ಚೀನಾದ ಪ್ರವಾಸಿಗರನ್ನು ಎದುರು ನೋಡುತ್ತಿದ್ದರೆ ಗೂಗಲ್‌ನಲ್ಲಿ ಅವರು ಸಿಗುವುದೇ ಇಲ್ಲವೆನ್ನಬಹುದು, ಅಲ್ಲಿಯವರು ಬಳಸುವ 'ಬೈದು' (Baidu) ಎಂಬ ಹುಡುಕಾಟ ತಾಣದ ಅಂಕಿಅಂಶ ನೋಡಬೇಕು.

ನಿಮ್ಮ ಬಳಿ ಎರಡು-ಮೂರು ವರ್ಷಗಳ ತಿಂಗಳವಾರು ಪ್ರವಾಸಿಗರ ಲೆಕ್ಕ ಇದ್ದರೆ, 'ಹೋಟೆಲ್' ಹುಡುಕಾಟದ ಗೆರೆಯನ್ನು ಅದರ ಮೇಲಿಟ್ಟು ಒಂದು ತಿಂಗಳು, ಎರಡು ತಿಂಗಳು ಮುಂದಕ್ಕೆ ಸರಿಸಿ ನೋಡಿ. ಎಲ್ಲಿ ಚೆನ್ನಾಗಿ ಕೂಡುತ್ತದೋ, ನಿಮ್ಮ ಕಡೆ ಬರುವವರು ಅಷ್ಟು ಮೊದಲೇ ತಯಾರಿ ಶುರು ಮಾಡುತ್ತಾರೆ ಎಂದು ಸುಮಾರಾಗಿ ತಿಳಿಯುತ್ತದೆ. ಎಲ್ಲಿಯೂ ಕೂಡದಿದ್ದರೆ ಆ ಪದವನ್ನು ಬಿಟ್ಟು ಬೇರೆ ಪದ ಹಿಡಿಯಿರಿ.